ಕ್ಯಾನ್ಸಲ್ ಮಾಡಿ ಬಂದವರ ಲೆಕ್ಕ

ಹೊರದೇಶದಲ್ಲಿರುವ ನಮ್ಮವರನ್ನೆಲ್ಲ ‘ಅನಿವಾಸಿ ಕನ್ನಡಿಗರು’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತೇವೆ. ಅಮೆರಿಕಕ್ಕೋ ಕೆನಡಾಕ್ಕೋ ಹೋದವನ ಸರದಿ ಎಷ್ಟೇ ಉದ್ದವಿರಲಿ, ಅದರ ಕೊನೆಯಲ್ಲಿ ಪೌರತ್ವದ ಬಾಗಿಲೊಂದಿದೆ. ದುಬೈ, ದಮ್ಮಾಮ್, ದೋಹಾ, ಕುವೈತ್‌ಗಳಲ್ಲಿ ದುಡಿಯುವ ಸಾಮಾನ್ಯನಿಗೆ ಆ ಬಾಗಿಲೇ ಇಲ್ಲ. ಮೂವತ್ತು ವರ್ಷ ಬೆವರು ಸುರಿಸಿದ ಫೋರ್‌ಮನ್ ಕೂಡ ವೀಸಾ ಇರುವಷ್ಟು ದಿನದ ಅತಿಥಿ. ಅಲ್ಲೇ ಹುಟ್ಟಿ, ಅಲ್ಲೇ ಸಿಬಿಎಸ್‌ಇ ಶಾಲೆಯಲ್ಲಿ ಓದಿ ಬೆಳೆದ ಅವನ ಮಗಳೂ ಅಪ್ಪನ ಕೆಲಸ ಹೋದರೆ ಪೆಟ್ಟಿಗೆ ಕಟ್ಟಬೇಕು. ಸಂಯುಕ್ತ ಅರಬ್ ಸಂಸ್ಥಾನ 2019ರಿಂದ ಹತ್ತು ವರ್ಷದ ಗೋಲ್ಡನ್ ವೀಸಾ ಕೊಡುತ್ತಿರುವುದು ನಿಜ. ಆದರೆ ಅದು ಹೂಡಿಕೆದಾರರಿಗೆ, ದೊಡ್ಡ ಸಂಬಳದ ವೈದ್ಯರು, ಎಂಜಿನಿಯರುಗಳಂಥವರಿಗೆ. ಎ.ಸಿ. ರಿಪೇರಿ ಮಾಡುವ ಕಾರ್ಕಳದ ಹುಡುಗನಿಗಲ್ಲ.

ಎಲ್ಲರೂ ಒಂದು ದಿನ ವಾಪಸ್ ಬರುವವರೇ. ಹಾಗಿದ್ದ ಮೇಲೆ ಅವರ ವಾಪಸಾತಿಗೆ ಸಿದ್ಧವಾಗಿರಬೇಕಾದದ್ದು ಅಲ್ಲಿನ ದೊರೆಗಳಲ್ಲ, ಇಲ್ಲಿನ ನಾವು. ಕರಾವಳಿಯ ಮಟ್ಟಿಗೆ ಈ ಮಾತನ್ನು ಇಪ್ಪತ್ತು ವರ್ಷ ಹಿಂದೆಯೇ ಗಟ್ಟಿಯಾಗಿ ಆಡಬೇಕಿತ್ತು.

ನನ್ನ ದೊಡ್ಡಪ್ಪನ ಮಗ ದುಬೈನ ದೇರಾದಲ್ಲಿದ್ದ ಕೋಣೆಯನ್ನು ನಾನು ನೋಡಿದ್ದೇನೆ. ಹಳೆಯ ಕಟ್ಟಡ, ಎರಡು ಕೋಣೆಗಳ ಫ್ಲ್ಯಾಟು. ಅದಕ್ಕೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ ಪಾರ್ಟಿಷನ್ ಮಾಡಿದ್ದರು. ಅವನ ಪಾಲಿಗೆ ಬಂದದ್ದು ಬೆಡ್‌ಸ್ಪೇಸ್, ಅಂದರೆ ಎರಡಂತಸ್ತಿನ ಕಬ್ಬಿಣದ ಮಂಚದ ಕೆಳಗಿನ ಅರ್ಧ. ಮಂಚದ ಸುತ್ತ ಹೂವಿನ ಚಿತ್ತಾರದ ಪರದೆ. ಅದರೊಳಗೆ ಮೊಬೈಲಿನ ಚಾರ್ಜರು, ಒಂದು ಪುಟ್ಟ ಫ್ಯಾನು, ಕಂಬಿಗೆ ಅಂಟಿಸಿದ ಮಗಳ ಫೋಟೊ. ದಿಂಬಿನಡಿ ಪಾಸ್‌ಪೋರ್ಟಿನ ಜೆರಾಕ್ಸು. ಮಂಚದಡಿಯ ಸೂಟ್‌ಕೇಸೇ ಬೀರು. ಅಡುಗೆಮನೆಯ ಗೋಡೆಯ ಮೇಲೆ ಯಾರ ಪಾಳಿ ಯಾವ ದಿನ ಎಂದು ಬರೆದ ಚೀಟಿ. ಕುಕ್ಕರುಗಳ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದ ಹೆಸರುಗಳು. ಕುಚ್ಚಲಕ್ಕಿ, ಬಂಗುಡೆ, ತೆಂಗಿನಕಾಯಿ ಎಲ್ಲವೂ ಕೂಗಳತೆಯ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದೆ ಇರುವುದು ಒಬ್ಬನೇ ಕೂತುಕೊಳ್ಳುವ ಜಾಗ. ಹೆಂಡತಿಯೊಂದಿಗೆ ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಅವನು ರಾತ್ರಿ ಮೆಟ್ಟಿಲಿಳಿದು ಬೀದಿಗೆ ಹೋಗುತ್ತಿದ್ದ. ಅಲ್ಲಿ ಹತ್ತು ಗಂಟೆಯೆಂದರೆ ಇಲ್ಲಿ ಹನ್ನೊಂದೂವರೆ. ಮಗಳು ಆಗಲೇ ನಿದ್ದೆ ಹೋಗಿರುತ್ತಿದ್ದಳು.

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೇ ಎಂದು ಊರಿನವರು ಸುಲಭವಾಗಿ ಕೇಳುತ್ತಾರೆ. ಅರಬ್ ಸಂಸ್ಥಾನದಲ್ಲಿ ಕುಟುಂಬದ ವೀಸಾ ಬೇಕೆಂದರೆ ತಿಂಗಳಿಗೆ 4,000 ದಿರ್ಹಮ್ ಸಂಬಳವಿರಬೇಕು, ಇಲ್ಲವೇ 3,000 ದಿರ್ಹಮ್ ಜೊತೆಗೆ ಕಂಪನಿಯ ಮನೆಯಿರಬೇಕು. ಅಷ್ಟು ಇದ್ದವನಿಗೂ ಮುಂದಿನ ಲೆಕ್ಕ ಸಲೀಸಲ್ಲ. ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ರೂಢಿ ಅಲ್ಲಿ ಕಡಿಮೆ. ವರ್ಷದ ಬಾಡಿಗೆಗೆ ಮುಂದಿನ ತಾರೀಖಿನ ನಾಲ್ಕಾರು ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಶಾಲೆಯ ಫೀಸು, ಬಸ್ಸು, ವಿಮೆ ಸೇರಿದರೆ ಊರಿಗೆ ಕಳಿಸಲು ಏನೂ ಮಿಗುವುದಿಲ್ಲ. ಹೀಗಾಗಿ ಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾದವರೂ ದಶಕಗಟ್ಟಲೆ ಒಂಟಿಯಾಗಿಯೇ ಇರುತ್ತಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಗೆ ಬಂದು ಹೋಗುತ್ತಾರೆ.

ಕಾನೂನುಗಳು ಸುಧಾರಿಸಿಲ್ಲ ಎನ್ನಲಾರೆ. ಸಂಬಳ ಬ್ಯಾಂಕಿನಂಥ ಅಧಿಕೃತ ಸಂಸ್ಥೆಗಳ ಮೂಲಕವೇ ಆಗಬೇಕೆಂಬ ವ್ಯವಸ್ಥೆಯನ್ನು ಸಂಸ್ಥಾನ 2009ರಲ್ಲಿ ತಂದಿತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಇವೆಲ್ಲ ಒಳ್ಳೆಯ ಕ್ರಮಗಳು. ಆದರೆ 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಳಗಿನ ಜಾವ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತಾಗ, ಒಂದೇ ಕಟ್ಟಡದಲ್ಲಿ ನೂರಾರು ಜನರನ್ನು ತುಂಬಿಸಿದ ವಸತಿ ಎಂಥದ್ದೆಂದು ನಮ್ಮ ದೇಶಕ್ಕೆಲ್ಲ ಕಂಡಿತು. ಆ ವಾರ ನಾವೆಲ್ಲ ಮರುಗಿದೆವು. ಮುಂದಿನ ವಾರ ಸುದ್ದಿ ಬೇರೆಯಾಯಿತು.

ನನ್ನ ಮಾತು ಇರುವುದು ಸತ್ತವರ ಬಗ್ಗೆಯಲ್ಲ, ಐವತ್ತು ದಾಟಿ ವೀಸಾ ಕ್ಯಾನ್ಸಲ್ ಮಾಡಿಕೊಂಡು ಬದುಕಿ ಬಂದವರ ಬಗ್ಗೆ. ಅವರ ಕೈಗೆ ಸಿಗುವುದೆಷ್ಟೆಂದು ಒಮ್ಮೆ ಕೂತು ಲೆಕ್ಕ ಹಾಕಿ. ಪಿಂಚಣಿ ಇಲ್ಲ, ಪಿ.ಎಫ್. ಇಲ್ಲ. ಇರುವುದು ಗ್ರಾಚ್ಯುಯಿಟಿ ಮಾತ್ರ. ಸಂಸ್ಥಾನದ ನಿಯಮದಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ವೇತನ. ಕೇಳಲು ಚೆನ್ನಾಗಿದೆ. ಆದರೆ ಇದು ಮೂಲವೇತನದ ಮೇಲಿನ ಲೆಕ್ಕ. ತಿಂಗಳಿಗೆ 3,000 ದಿರ್ಹಮ್ ಎಣಿಸುವವನ ಕರಾರುಪತ್ರದಲ್ಲಿ ಮೂಲವೇತನ 1,500 ಎಂದಿರುವುದು, ಉಳಿದದ್ದು ಭತ್ಯೆ ಎಂದಿರುವುದು ಸಾಮಾನ್ಯ. ಇಪ್ಪತ್ತು ವರ್ಷ ಒಂದೇ ಕಂಪನಿಯಲ್ಲಿ ದುಡಿದರೆ ಅವನಿಗೆ ಬರುವುದು 555 ದಿನದ ಮೂಲವೇತನ, ಸುಮಾರು 27,750 ದಿರ್ಹಮ್. ನಮ್ಮ ಹಣದಲ್ಲಿ ಆರೂವರೆ ಲಕ್ಷದ ಆಸುಪಾಸು. ನಡುವೆ ಕಂಪನಿ ಬದಲಾಗಿದ್ದರೆ, ಅಥವಾ ಮಗಳ ಮದುವೆಗೆಂದು ಅಡ್ವಾನ್ಸ್ ತೆಗೆದಿದ್ದರೆ, ಅದೂ ಇಲ್ಲ. ಇಪ್ಪತ್ತು ವರ್ಷದ ದುಡಿಮೆ ಅಷ್ಟರೊಳಗೆ ತಂಗಿಯರ ಮದುವೆಗೆ, ತಮ್ಮನ ಓದಿಗೆ, ಅಪ್ಪನ ಆಸ್ಪತ್ರೆಗೆ, ತಾರಸಿ ಮನೆಗೆ ಕರಗಿರುತ್ತದೆ. ಆ ಮನೆಯನ್ನು ನೋಡಿಯೇ ಊರು ಅವನನ್ನು ಶ್ರೀಮಂತ ಎಂದು ತೀರ್ಮಾನಿಸುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಮಸೀದಿಯ ಹೊಸ ಮಹಡಿಗೆ, ಚರ್ಚಿನ ಹಬ್ಬಕ್ಕೆ ಮೊದಲ ರಸೀದಿ ಹರಿಯುವುದೂ ಅವನ ಹೆಸರಿನಲ್ಲೇ. ಸಕ್ಕರೆ ಕಾಯಿಲೆ, ಸವೆದ ಮಂಡಿ ಮತ್ತು ಇಲ್ಲಿ ಯಾರೂ ಕೆಲಸ ಕೊಡದ ವಯಸ್ಸು ಹೊತ್ತು ಅವನು ಬಂದಿದ್ದಾನೆ ಎಂಬುದು ಮನೆಯವರಿಗಷ್ಟೇ ಗೊತ್ತು.

ನಮ್ಮ ಸರ್ಕಾರ ಈ ಮನುಷ್ಯನನ್ನು ಎಣಿಸಿಯೂ ಇಲ್ಲ. ಪಕ್ಕದ ಕೇರಳವನ್ನು ನೋಡಿ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಲ್ಲಿ ಶುರುಮಾಡಿದ ವಲಸೆ ಸಮೀಕ್ಷೆ ಅಲ್ಲಿ ನಡೆಯುತ್ತ ಬಂದಿದೆ. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಮರಳಿದರು ಎಂಬ ಅಂದಾಜು ಅಲ್ಲಿನ ಸರ್ಕಾರದ ಮೇಜಿನ ಮೇಲಿದೆ. ಅನಿವಾಸಿ ಕೇರಳೀಯರ ಇಲಾಖೆ ನೋರ್ಕಾ ಹುಟ್ಟಿದ್ದು 1996ರಲ್ಲಿ. ಕ್ಷೇಮನಿಧಿ ಕಾಯ್ದೆ ಬಂದದ್ದು 2008ರಲ್ಲಿ. ಗಲ್ಫಿನಲ್ಲಿರುವಾಗಲೇ ತಿಂಗಳ ವಂತಿಗೆ ಕಟ್ಟುತ್ತ ಬಂದವನಿಗೆ ಅರವತ್ತರ ಬಳಿಕ ಪಿಂಚಣಿ ಸಿಗುತ್ತದೆ. ಮರಳಿ ಬಂದು ಅಂಗಡಿಯನ್ನೋ ಹೈನುಗಾರಿಕೆಯನ್ನೋ ಶುರುಮಾಡುವವನಿಗೆ ಸಾಲ, ಅದರಲ್ಲೊಂದು ಭಾಗ ಸಹಾಯಧನ. ಎಲ್ಲ ಸುಗಮವಾಗಿದೆ ಎಂದಲ್ಲ, ಆದರೆ ಮರಳಿದವನು ಹೋಗಿ ಬಾಗಿಲು ತಟ್ಟಲು ಒಂದು ಕಚೇರಿಯಿದೆ.

ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿಯೊಂದಿದೆ. ಪ್ರತ್ಯೇಕ ಸಚಿವಾಲಯ ಬೇಕೆಂದು ಗಲ್ಫ್ ಕನ್ನಡ ಸಂಘಗಳು ಬಹುಕಾಲದಿಂದ ಕೇಳುತ್ತಿವೆ. ಮಂತ್ರಿಗಳು ದುಬೈಗೆ ಹೋದಾಗ ಶಾಲು ಹೊದೆಸಿಕೊಂಡು, ರಾಜ್ಯೋತ್ಸವದ ವೇದಿಕೆಯಲ್ಲಿ ಯಕ್ಷಗಾನ ನೋಡಿ, ಬಂಡವಾಳ ಹೂಡಿ ಎಂದು ಕರೆಕೊಟ್ಟು ಬರುತ್ತಾರೆ. ಬಂಡವಾಳ ಇರುವವರು ಆ ವೇದಿಕೆಯ ಮುಂದಿನ ಸಾಲಿನಲ್ಲಿರುತ್ತಾರೆ. ದುಬೈನದೇ ಸೋನಾಪುರದ ಕಾರ್ಮಿಕರ ಕ್ಯಾಂಪಿನಲ್ಲಿರುವವನಿಗೆ ಆ ಸಭೆಗೆ ಬರಲು ರಜೆಯೂ ಇರುವುದಿಲ್ಲ, ಬಸ್ಸೂ ಇರುವುದಿಲ್ಲ. ಅವನ ಮತವೂ ಲೆಕ್ಕಕ್ಕಿಲ್ಲ: ಅನಿವಾಸಿಗಳಿಗೆ 2011ರಿಂದ ಮತದಾರರ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದರೂ, ಮತ ಹಾಕಲು ಊರಿನ ಮತಗಟ್ಟೆಗೇ ಬರಬೇಕು. ವಿಮಾನದ ಟಿಕೆಟ್ಟಿಗೆ ತಿಂಗಳ ಸಂಬಳ ಸುರಿದು ಯಾರು ಬರುತ್ತಾರೆ? ಮತವಿಲ್ಲದವನ ಅಹವಾಲು ಬಜೆಟ್ಟಿನಲ್ಲಿ ಕಾಣದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಸಚಿವಾಲಯ ಬರುವಾಗ ಬರಲಿ. ಅದಕ್ಕೆ ಮೊದಲು ಆಗಬಹುದಾದ ಕೆಲಸಗಳಿವೆ. ಕೇರಳದ ಮಾದರಿಯ ಮನೆ ಮನೆ ಸಮೀಕ್ಷೆಯನ್ನು ಕರಾವಳಿಯ ಮೂರು ಜಿಲ್ಲೆಗಳಲ್ಲಿ ಮೊದಲು ಮಾಡಲಿ. ಹೈದರಾಬಾದಿನ ದಾರಿ ಹಿಡಿದು ಗಲ್ಫಿಗೆ ಹೋಗುವ ಬೀದರ್, ಕಲಬುರಗಿಯವರನ್ನೂ ಸೇರಿಸಿಕೊಳ್ಳಲಿ. ದುಡಿಯುವ ವಯಸ್ಸಿನಲ್ಲೇ ಕಂತು ಕಟ್ಟಿಸಿಕೊಳ್ಳುವ ಪಿಂಚಣಿ ನಿಧಿಯೊಂದನ್ನು ಕಾಯ್ದೆಯ ಬಲದೊಂದಿಗೆ ತರಲಿ. ಮಂಗಳೂರು, ಉಡುಪಿ, ಭಟ್ಕಳಗಳಲ್ಲಿ ಒಂದೊಂದು ಕೊಠಡಿ, ಅಲ್ಲಿ ಅರಬಿ ಕರಾರುಪತ್ರ ಓದಬಲ್ಲ ಒಬ್ಬ ನೌಕರ ಇರಲಿ. ಬಾಕಿ ಸಂಬಳದ ದೂರನ್ನು ರಾಯಭಾರ ಕಚೇರಿಗೆ ಕಳಿಸುವುದು, ಪಡಿತರ ಚೀಟಿಗೆ ಹೆಸರು ಮತ್ತೆ ಸೇರಿಸುವುದು, ಆರೋಗ್ಯ ಯೋಜನೆಯ ಕಾರ್ಡು ಮಾಡಿಸುವುದು, ಬ್ಯಾಂಕಿನ ಎನ್‌ಆರ್‌ಇ (ಅನಿವಾಸಿ) ಖಾತೆಯನ್ನು ಬದಲಿಸಿಕೊಳ್ಳುವುದು, ಇವೆಲ್ಲಕ್ಕೂ ಈಗ ಅವನು ಏಜೆಂಟರ ಕೈಗೆ ದುಡ್ಡು ಕೊಟ್ಟು ಅಲೆಯುತ್ತಿದ್ದಾನೆ. ಬರುವ ಬಜೆಟ್ಟಿನಲ್ಲಿ ಈ ಮೂರು ಕೊಠಡಿಗಳಿಗೆ ಹಣ ಇಡಿಸುವುದು ಕರಾವಳಿಯ ಶಾಸಕರ ಹೊಣೆ.