ಪಟ್ಟಿಯಲ್ಲಿ ಯಾರ ಹೆಸರು?

ಪಂದ್ಯಾಟವೊಂದು ಮುಗಿದ ಮರುದಿನ ಪತ್ರಿಕೆಯ ಕ್ರೀಡಾಪುಟವನ್ನಾಗಲಿ ಕೈಯಲ್ಲಿರುವ ಮೊಬೈಲನ್ನಾಗಲಿ ತೆರೆದಾಗ ನಮ್ಮ ಕಣ್ಣು ಮೊದಲು ಹುಡುಕುವುದು ಗೆದ್ದವರಾರು ಎಂಬುದನ್ನು. ಎರಡನೆಯದಾಗಿ, ಗೋಲು ಹೊಡೆದವರಾರು ಎಂಬುದನ್ನು. ಅಲ್ಲಿಗೆ ನಮ್ಮ ಕುತೂಹಲ ತೃಪ್ತಿಗೊಳ್ಳುತ್ತದೆ. ವರದಿಯ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾದ ತಂಡದ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಮಹನೀಯರು ಅತಿ ವಿರಳ. ಆ ಪಟ್ಟಿಯನ್ನು ಓದಬೇಕು. ಓದಲು ಯೋಗ್ಯವಾಗುವಂತೆ ಅದನ್ನು ಬರೆಯಲೂ ಬೇಕು. ಇಲ್ಲವಾದರೆ ಆಟಗಾರರಲ್ಲಿ ಹೆಚ್ಚಿನವರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಒಳ್ಳೆಯ ದೃಷ್ಟಾಂತ ದೊರೆಯುವುದು ಐಸ್ ಹಾಕಿಯಲ್ಲಿ. ಕೊಡಿಯಾಲ್‌ಬೈಲಿನಲ್ಲಿ ಕುಳಿತು ಐಸ್ ಹಾಕಿಯ ಮಾತೆತ್ತಿದರೆ ಗೆಳೆಯರು ನಗುವರೆಂಬುದನ್ನು ಬಲ್ಲೆ. ಬಂದರಿನ ದಕ್ಕೆಯಲ್ಲಿ ಬಂಗುಡೆ ಬೂತಾಯಿಗಳ ಪೆಟ್ಟಿಗೆಗೆ ಸುರಿಯುವ ಮಂಜುಗಡ್ಡೆಯ ಹೊರತು ನಮ್ಮ ಊರಿಗೆ ಬೇರೆ ಮಂಜುಗಡ್ಡೆಯ ಪರಿಚಯವಿಲ್ಲ. ಆದರೂ ಆ ಆಟ ಭಾರತಕ್ಕೆ ಪೂರ್ತಿ ಪರಕೀಯವಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಗಳ ಮೇಲೆ ಆಡಿ ಕಲಿತ ಲಡಾಖಿನ ಹೆಣ್ಣುಮಕ್ಕಳೇ ಬಹುಪಾಲು ತುಂಬಿದ್ದ ನಮ್ಮ ರಾಷ್ಟ್ರೀಯ ಮಹಿಳಾ ತಂಡವು 2016ರಲ್ಲಿ ಮೊದಲ ಸಲ ಏಷ್ಯಾದ ಪಂದ್ಯಾಟಕ್ಕಿಳಿಯಿತು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3 ಗೋಲುಗಳಿಂದ ಸೋಲಿಸಿ ತನ್ನ ಪ್ರಥಮ ಅಂತರರಾಷ್ಟ್ರೀಯ ಜಯವನ್ನು ಪಡೆಯಿತು.

ಐಸ್ ಹಾಕಿಯ ಪಂದ್ಯಪತ್ರವು ನೋಡತಕ್ಕ ವಸ್ತು. ಒಂದು ಪಂದ್ಯಕ್ಕೆ ತಂಡವೊಂದು 20 ಮಂದಿ ಆಟಗಾರರನ್ನೂ 2 ಮಂದಿ ಗೋಲುರಕ್ಷಕರನ್ನೂ ಹೆಸರಿಸಬಹುದು. ಅಂಕಣದಲ್ಲಿ ಒಮ್ಮೆಗೆ ಇರುವವರು ಆರೇ ಮಂದಿ. ಆದರೆ ನಿಮಿಷ ನಿಮಿಷಕ್ಕೂ ಬದಲಾವಣೆ ನಡೆಯುವುದರಿಂದ ಬೆಂಚಿನ ಮೇಲೆ ಕುಳಿತವನು ಅಲ್ಲಿ ನಿಜವಾದ ಅರ್ಥದಲ್ಲಿ ಆಟಗಾರನೇ. ದೊಡ್ಡ ಪಂದ್ಯಾಟಗಳ ಪಟ್ಟಿಯಲ್ಲಿ ಪ್ರತಿಯೊಬ್ಬನ ಹುಟ್ಟಿದ ದಿನ, ಎತ್ತರ, ತೂಕ, ಅವನು ಎಡಗೈಯವನೋ ಬಲಗೈಯವನೋ, ಯಾವ ಕ್ಲಬ್ಬಿನಿಂದ ಬಂದವನು ಎಂಬುದೆಲ್ಲವೂ ಇರುತ್ತದೆ. ಅದಕ್ಕಿಂತ ಮುಖ್ಯವಾದುದು ಗೋಲಿನ ಲೆಕ್ಕ. ಗೋಲು ಹೊಡೆದವನ ಹೆಸರಿನ ಪಕ್ಕದಲ್ಲೇ ಆ ಗೋಲಿಗೆ ದಾರಿ ಮಾಡಿಕೊಟ್ಟವರ ಹೆಸರು, ಹೆಚ್ಚೆಂದರೆ ಇಬ್ಬರದು, ದಾಖಲಾಗುತ್ತದೆ. ಇದಕ್ಕೆ ಅಸಿಸ್ಟ್ ಎಂದು ಹೆಸರು. ನಾವು ನೆರವು ಎನ್ನೋಣ. ವೈಯಕ್ತಿಕ ಅಂಕದ ಲೆಕ್ಕದಲ್ಲಿ ಗೋಲಿಗೂ ಒಂದು ಅಂಕ, ನೆರವಿಗೂ ಒಂದು ಅಂಕ! ಕೊಟ್ಟ ಕೈಗೂ ಹೊಡೆದ ಕೈಗೂ ಅಲ್ಲಿ ಭೇದವಿಲ್ಲ. ಗೋಲುರಕ್ಷಕನಿಗಂತೂ ತನ್ನತ್ತ ಬಂದ ಹೊಡೆತಗಳೆಷ್ಟು, ತಡೆದವೆಷ್ಟು ಎಂಬ ಪ್ರತ್ಯೇಕ ಲೆಕ್ಕವೇ ಉಂಟು.

ಇದರ ಬೆಲೆಯನ್ನು ತಿಳಿಯಲು 1980ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷದ ಫೆಬ್ರವರಿ 22ರಂದು ಅಮೆರಿಕದ ಲೇಕ್ ಪ್ಲಾಸಿಡ್ ಎಂಬ ಊರಿನ ಚಳಿಗಾಲದ ಒಲಿಂಪಿಕ್ಸಿನಲ್ಲಿ, ಹೆಚ್ಚಾಗಿ ಕಾಲೇಜು ಹುಡುಗರಿಂದಲೇ ಕೂಡಿದ್ದ ಅಮೆರಿಕದ ತಂಡವು, ಐಸ್ ಹಾಕಿಯಲ್ಲಿ ಅಜೇಯವೆನಿಸಿದ್ದ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿತು. ನಿರ್ಣಾಯಕ ಗೋಲನ್ನು ಹೊಡೆದವನು ನಾಯಕ ಮೈಕ್ ಎರುಝಿಯೋನೆ. ಆದರೆ ಪಂದ್ಯಪತ್ರವು ಅವನೊಬ್ಬನನ್ನೇ ಹೊಗಳಿ ಸುಮ್ಮನಾಗುವುದಿಲ್ಲ. ಅವನಿಗೆ ನೆರವಿತ್ತ ಪಾವೆಲಿಚ್ ಮತ್ತು ಹ್ಯಾರಿಂಗ್ಟನ್ ಎಂಬಿಬ್ಬರ ಹೆಸರನ್ನೂ ಹೇಳುತ್ತದೆ. ಸೋವಿಯತ್ ಆಟಗಾರರು ಗೋಲಿನತ್ತ ಹೊಡೆದ ಹೊಡೆತಗಳು 39, ಅಮೆರಿಕದವರದು ಬರೇ 16 ಎಂಬುದನ್ನೂ, ಆ 39ರಲ್ಲಿ 36ನ್ನು ತಡೆದವನು ಜಿಮ್ ಕ್ರೇಗ್ ಎಂಬ ಗೋಲುರಕ್ಷಕನೆಂಬುದನ್ನೂ ಹೇಳುತ್ತದೆ. ಈ ಅಂಕಿಗಳನ್ನು ಓದಿದವನಿಗೆ ಪಂದ್ಯವನ್ನು ಕಾಣದಿದ್ದರೂ ಅದರ ನಿಜಸ್ವರೂಪ ಹೊಳೆಯುತ್ತದೆ.

ಅದೇ ವರ್ಷದ ಜುಲೈ 29ರಂದು ಮಾಸ್ಕೋವಿನಲ್ಲಿ ನಮ್ಮ ಭಾರತದ ಹಾಕಿ ತಂಡವು ಸ್ಪೇಯಿನನ್ನು ಅಂತಿಮ ಪಂದ್ಯದಲ್ಲಿ ಅದೇ 4-3 ಗೋಲುಗಳಿಂದ ಸೋಲಿಸಿ ಒಲಿಂಪಿಕ್ ಚಿನ್ನವನ್ನು ಗೆದ್ದಿತು. ಸುರಿಂದರ್ ಸಿಂಗ್ ಸೋಧಿ ಎರಡು, ಕೌಶಿಕ್ ಒಂದು, ಮೊಹಮ್ಮದ್ ಶಾಹಿದ್ ಒಂದು: ಗೋಲು ಹೊಡೆದವರ ಹೆಸರುಗಳು ನಮಗೆ ದೊರೆಯುತ್ತವೆ. ಆದರೆ ಅವರ ಕೋಲಿಗೆ ಚೆಂಡನ್ನು ತಲಪಿಸಿದವರು ಯಾರು? ಹಾಕಿಯ ಅಧಿಕೃತ ಪಂದ್ಯಪತ್ರದಲ್ಲಿ ಗೋಲು ಹೊಡೆದವನ ಹೆಸರು, ಗೋಲಿನ ಬಗೆ, ತಪ್ಪಿಗಾಗಿ ತೋರಿಸಿದ ಕಾರ್ಡು ಇವುಗಳಿಗೆ ಸ್ಥಾನವುಂಟು, ನೆರವಿತ್ತವನಿಗೆ ಸ್ಥಾನವಿಲ್ಲ. ಆ ತಂಡದ 16 ಮಂದಿಯಲ್ಲಿ ಕೊಡಗು ಮೂಲದ ಎಂ. ಎಂ. ಸೋಮಯ್ಯನವರೂ ಒಬ್ಬರು. ಅವರು ಮಧ್ಯರಕ್ಷಣೆಯ ಆಟಗಾರರು. ಎದುರಾಳಿಯ ಚೆಂಡನ್ನು ಕಸಿದು ಮುಂದಿನವರಿಗೆ ಒಪ್ಪಿಸುವುದೇ ಅವರ ಕಾಯಕ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಆಡಿ, 1988ರಲ್ಲಿ ಸಿಯೋಲಿನಲ್ಲಿ ತಂಡದ ನಾಯಕರೇ ಆದ ಇಂತಹ ಆಟಗಾರನ ಹಿರಿಮೆಯನ್ನು ಗೋಲಿನ ಅಂಕಣವೊಂದರಿಂದಲೇ ಅಳೆಯಹೊರಟರೆ ಏನು ಸಿಕ್ಕೀತು?

ಇನ್ನೊಂದು ಉದಾಹರಣೆ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು 32 ವರ್ಷಗಳ ತರುವಾಯ ಹಾಕಿಯ ಚಿನ್ನವನ್ನು ಮರಳಿ ಪಡೆಯಿತು. ದಕ್ಷಿಣ ಕೊರಿಯಾದೊಡನೆ ಅಂತಿಮ ಪಂದ್ಯ ಸಮವಾಗಿ, ಪೆನಾಲ್ಟಿ ಹೊಡೆತಗಳಲ್ಲಿ ತೀರ್ಮಾನವಾಯಿತು. ಅಲ್ಲಿ ಎರಡು ಹೊಡೆತಗಳನ್ನು ತಡೆದು ದೇಶದ ಮಾನ ಕಾಯ್ದವರು ಕರ್ನಾಟಕದ ಆಶಿಷ್ ಬಲ್ಲಾಳ್. ಗೋಲು ಗಳಿಸಿದವರ ಪಟ್ಟಿಯಲ್ಲಿ ಅವರ ಹೆಸರಿಗೆ ಎಡೆಯೆಲ್ಲಿ? ಗೋಲು ಆಗದಂತೆ ನೋಡಿಕೊಳ್ಳುವುದೇ ಯಾರ ಕೆಲಸವೋ ಅವರ ಸಾಧನೆ ಸೊನ್ನೆಯಾಗಿಯೇ ಕಾಣುವ ಲೆಕ್ಕ ಎಂತಹ ಲೆಕ್ಕ!

ಹೀಗೆಂದ ಮಾತ್ರಕ್ಕೆ ಅಂಕಿಗಳನ್ನು ರಾಶಿ ಹಾಕಿದರೆ ಸಾಕೆಂದು ತಿಳಿಯಬಾರದು. ಅಂಕಿಗಳು ಸತ್ಯವನ್ನು ಹೇಳುವಷ್ಟೇ ಸಲೀಸಾಗಿ ಮರೆಮಾಚಲೂ ಬಲ್ಲವು. ಮಾಸ್ಕೋವಿನಲ್ಲಿ ಭಾರತ ಗಳಿಸಿದ ಒಟ್ಟು ಗೋಲುಗಳು 43. ಕೇಳಲು ಎಷ್ಟು ಭರ್ಜರಿ! ಆದರೆ ಅವುಗಳಲ್ಲಿ ಟಾಂಜಾನಿಯದ ವಿರುದ್ಧ 18, ಕ್ಯೂಬಾದ ವಿರುದ್ಧ 13, ಅಂತೂ 31 ಗೋಲುಗಳು ಎರಡೇ ಪಂದ್ಯಗಳಲ್ಲಿ ಬಂದುವು. ಬಹಿಷ್ಕಾರದ ಕಾರಣದಿಂದ ಹಲವು ಬಲಿಷ್ಠ ತಂಡಗಳು ಅಲ್ಲಿಗೆ ಬಂದಿರಲಿಲ್ಲ. ಆಡಿದುವು ಆರೇ ತಂಡಗಳು. ಚಿನ್ನಕ್ಕೆ ಇದರಿಂದ ಕುಂದಿಲ್ಲ, ಆದರೆ 43 ಎಂಬ ಸಂಖ್ಯೆಯನ್ನು ಈ ಸಂದರ್ಭದಿಂದ ಬೇರ್ಪಡಿಸಿ ಓದುವುದು ಸರಿಯಲ್ಲ.

ನಮ್ಮ ಜಿಲ್ಲೆಯಲ್ಲೇ ನಡೆದುದನ್ನು ನೋಡಿ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿ, 100 ಮೀಟರಿಗೆ 9.55 ಸೆಕೆಂಡಾಯಿತೆಂದೂ, 9.58ರ ಉಸೇನ್ ಬೋಲ್ಟನನ್ನು ಮೀರಿಸಿದಂತಾಯಿತೆಂದೂ ದೇಶವಿಡೀ ಡಂಗುರ ಸಾರಿದರು. ಕೆಸರುಗದ್ದೆಯೆಲ್ಲಿ, ಒಲಿಂಪಿಕ್ ಓಟದ ಪಥವೆಲ್ಲಿ? ಮುಂದೆ ಧಾವಿಸುವ ಕೋಣಗಳ ಸೆಳೆತವನ್ನು ಯಾವ ಅಂಕಣದಲ್ಲಿ ಬರೆಯೋಣ? ಗೌಡರ ಓಟ ಕಂಬಳದ ಲೆಕ್ಕದಲ್ಲೇ ಶ್ರೇಷ್ಠವಾದುದು; ಬೇರೊಂದರ ಅಳತೆಗೋಲು ಅದಕ್ಕೆ ಬೇಕಾಗಿರಲಿಲ್ಲ. ಗೋಲುರಕ್ಷಕನನ್ನು ಗೋಲಿನಿಂದ ಅಳೆಯುವುದೂ ಕಂಬಳದ ಓಟಗಾರನನ್ನು ಬೋಲ್ಟನಿಂದ ಅಳೆಯುವುದೂ ಒಂದೇ ಜಾತಿಯ ತಪ್ಪು.

ಇನ್ನು ಹೆಸರುಗಳ ವಿಚಾರ. ನಮ್ಮ ಪಟ್ಟಿಗಳಲ್ಲಿ ಹೆಸರಿನ ಮುಂದಿನ ಅಕ್ಷರಗಳು ಎಷ್ಟನ್ನು ನುಂಗಿಬಿಡುತ್ತವೆ! ಸೋಮಯ್ಯನವರ ಮೊದಲನೆಯ ‘ಎಂ’ ಎಂದರೆ ಮನೆಯಪಂಡ, ಎಂದರೆ ಅವರ ಮನೆತನ. 2012 ಮತ್ತು 2016ರ ಒಲಿಂಪಿಕ್ಸಿನಲ್ಲಿ ಆಡಿದ ಎಸ್. ವಿ. ಸುನಿಲರ ‘ಎಸ್’ ಎಂದರೆ ಸೋಮವಾರಪೇಟೆ. ಒಂದು ಅಕ್ಷರದ ಹಿಂದೆ ಒಂದು ಮನೆ, ಒಂದು ಊರು, ಆ ಊರಿನ ಒಂದು ಮೈದಾನ ಅಡಗಿದೆ. ಅದನ್ನು ಬಿಡಿಸಿ ಬರೆದರೆ ಮಾತ್ರ ಪಟ್ಟಿಯು ಮಾತನಾಡೀತು.

ಮಾತನಾಡಿದರೆ ಅದು ಏನನ್ನು ಹೇಳುವುದು? 2016ರ ರಿಯೋ ಒಲಿಂಪಿಕ್ಸಿನ ಭಾರತ ಪುರುಷರ ಹಾಕಿ ತಂಡದ 16 ಹೆಸರುಗಳಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂಬ ನಾಲ್ವರು ಕೊಡಗಿನವರು. ಕಾಲು ಭಾಗ! 2021ರಲ್ಲಿ ಟೋಕಿಯೋದಲ್ಲಿ ಕಂಚು ಗೆದ್ದ ತಂಡದಲ್ಲಾಗಲಿ, 2024ರಲ್ಲಿ ಪ್ಯಾರಿಸಿನಲ್ಲಿ ಕಂಚು ಗೆದ್ದ ತಂಡದಲ್ಲಾಗಲಿ ಕರ್ನಾಟಕದ ಆಟಗಾರನೊಬ್ಬನೂ ಇರಲಿಲ್ಲ. ಇತ್ತ ಕೊಡಗಿನಲ್ಲಿ ಆಟವೇನಾದರೂ ಸೊರಗಿತೇ ಎಂದರೆ ಅದೂ ಇಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳಿಂದ ಆರಂಭಿಸಿದ ಕೊಡವ ಹಾಕಿ ಉತ್ಸವಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ ಬಂದ ತಂಡಗಳು 360. ಒಂದೇ ವರ್ಷ: ನಾಪೋಕ್ಲುವಿನಲ್ಲಿ 360 ತಂಡಗಳು, ಪ್ಯಾರಿಸಿನಲ್ಲಿ ಸೊನ್ನೆ ಆಟಗಾರರು. ಈ ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದ ಯಾರಿಗಾದರೂ ಪ್ರಶ್ನೆಯೊಂದು ಹುಟ್ಟಲೇಬೇಕು.

ಆ ಪ್ರಶ್ನೆಗೆ ಉತ್ತರವನ್ನು ಪಟ್ಟಿಯೇ ಕೊಡಲಾರದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದೀಚೆಗೆ ಒಲಿಂಪಿಕ್ ಹಾಕಿಯೆಲ್ಲವೂ ಕೃತಕ ಹುಲ್ಲಿನ ಮೇಲೆ ನಡೆಯುತ್ತಿದೆ. ಊರ ಮೈದಾನದಲ್ಲಿ ಕಲಿತ ಕೈಗೆ ಅದು ಬೇರೆಯೇ ಆಟ. ಒಡಿಶಾದಂತಹ ರಾಜ್ಯಗಳು ಹಾಕಿಗೆ ಸರಕಾರದ ಆಶ್ರಯವನ್ನು ಧಾರಾಳವಾಗಿ ನೀಡಿವೆ. ಕಾರಣಗಳು ಇನ್ನೂ ಇರಬಹುದು. ಆದರೆ ಪ್ರಶ್ನೆಯನ್ನು ಕೇಳುವಂತೆ ಮಾಡಿದುದು ಪಟ್ಟಿ. ‘ಭಾರತ ಕಂಚು ಗೆದ್ದಿತು’ ಎಂಬ ಶೀರ್ಷಿಕೆಯನ್ನಷ್ಟೇ ಓದಿ ಚಪ್ಪಾಳೆ ತಟ್ಟಿದವನಿಗೆ ಈ ಪ್ರಶ್ನೆ ಕನಸಿನಲ್ಲೂ ಹೊಳೆಯದು.

‘ಆಟವೆಂದರೆ ಆಟ; ಅದರಲ್ಲೇಕೆ ಈ ಲೆಕ್ಕಿಗನ ಕೆಲಸ?’ ಎಂದು ಕೆಲವರು ಕೇಳಬಹುದು. ಅವರ ಮಾತಿನಲ್ಲಿ ಹುರುಳಿದೆ. ಅಂಕಿಗಳಿಗಾಗಿಯೇ ಆಡುವವನು ಆಟದ ಸೊಗಸನ್ನು ಕೆಡಿಸುವನು, ನಿಶ್ಚಯ. ಆದರೆ ಲೆಕ್ಕವನ್ನು ಈಗಲೂ ಇಡುತ್ತಲೇ ಇದ್ದೇವಲ್ಲ? ಗೋಲು ಹೊಡೆದವನನ್ನು ಮಾತ್ರ ಬರೆದಿಡುವುದೂ ಒಂದು ಲೆಕ್ಕವೇ, ಅದೂ ಪಕ್ಷಪಾತದ ಲೆಕ್ಕ. ಹಾಗಿದ್ದ ಮೇಲೆ ಲೆಕ್ಕ ಬೇಕೇ ಬೇಡವೇ ಎಂಬ ವಾದಕ್ಕಿಂತ ನ್ಯಾಯವಾದ ಲೆಕ್ಕ ಯಾವುದೆಂಬ ವಿಚಾರವೇ ಮುಖ್ಯವಲ್ಲವೇ?

ಇದು ಒಲಿಂಪಿಕ್ಸಿಗೆ ಮಾತ್ರ ಸಂಬಂಧಿಸಿದ ಮಾತಲ್ಲ, ನಮ್ಮ ಅಂಗಳದ ಮಾತು. ಕಾಲೇಜುಗಳ ಕ್ರೀಡಾ ವರದಿಗಳ ಧಾಟಿ ನಮಗೆ ಪರಿಚಿತವೇ: ಇಂತಹ ತಂಡವು ಇಂತಹವರ ನಾಯಕತ್ವದಲ್ಲಿ ಇಂತಹ ಸ್ಥಾನವನ್ನು ಗಳಿಸಿತು. ಮುಗಿಯಿತು. ಮಂಗಳಾ ಕ್ರೀಡಾಂಗಣದ ಬಿಸಿಲಿನಲ್ಲಿ ಬೆವರು ಸುರಿಸಿದ ಉಳಿದವರು ‘ಮತ್ತಿತರರು’ ಎಂಬ ಒಂದು ಶಬ್ದದಲ್ಲಿ ಕರಗಿಹೋಗುತ್ತಾರೆ. ಸರಕಾರೀ ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರು ದೂರದ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು. ಪಂದ್ಯದ ದಿನ ಕೊನೆಯ ಬಸ್ಸು ತಪ್ಪಿದರೆ ಗೆಳೆಯನ ಕೋಣೆಯಲ್ಲಿ ಮಲಗುವವರು. ಅಂತಹವನ ಮನೆಯಲ್ಲಿ ಈ ಸಂಚಿಕೆಯನ್ನು ತೆರೆದಾಗ ತಾಯಿತಂದೆಯರು ಮಗನ ಹೆಸರನ್ನು ಹುಡುಕುವರು. ನಾಳೆ ಕ್ರೀಡೆಯ ಆಧಾರದಿಂದ ಸೀಟಿಗೋ ಕೆಲಸಕ್ಕೋ ಅರ್ಜಿ ಹಾಕುವಾಗಲೂ ಆಡಿದುದಕ್ಕೆ ಸಾಕ್ಷಿಯಾಗುವುದು ಬರೆದಿಟ್ಟ ಹೆಸರೇ. ಬರೆಯದ ಹೆಸರಿಗೆ ಸಾಕ್ಷಿ ಹೇಳುವವರು ಯಾರು?

ಆದುದರಿಂದ ನನ್ನ ಸೂಚನೆ ಸರಳವಾದುದು. ಕಾಲೇಜಿನ ಪ್ರತಿಯೊಂದು ತಂಡಕ್ಕೂ, ಅದು ಹುಡುಗರದಾಗಲಿ ಹುಡುಗಿಯರದಾಗಲಿ, ಒಂದು ದಾಖಲೆ ಪುಸ್ತಕವಿರಲಿ. ಅದರಲ್ಲಿ ಬದಲಿ ಆಟಗಾರರೂ ಸೇರಿ ಎಲ್ಲರ ಪೂರ್ಣ ಹೆಸರು, ಊರು, ತರಗತಿ ಇರಲಿ. ಹಾಕಿಯಲ್ಲಿ, ಫುಟ್‌ಬಾಲಿನಲ್ಲಿ ಗೋಲಿನ ಪಕ್ಕದಲ್ಲಿ ನೆರವಿನ ಅಂಕಣವನ್ನೂ ಗೋಲುರಕ್ಷಕ ತಡೆದುದರ ಅಂಕಣವನ್ನೂ ಗೆರೆಹಾಕೋಣ. ಕಬಡ್ಡಿಯಲ್ಲಿ ದಾಳಿಗಾರನ ಅಂಕದ ಜೊತೆಗೆ ಹಿಡಿದವನ ಅಂಕವನ್ನೂ ಬರೆಯೋಣ. ವಾಲಿಬಾಲಿನಲ್ಲಿ ಹೊಡೆದವನ ಜೊತೆಗೆ ಚೆಂಡನ್ನು ಎತ್ತಿಕೊಟ್ಟವನನ್ನೂ ಬರೆಯೋಣ. ಇದಕ್ಕೆ ಹಣ ಬೇಡ, ಒಂದು ನೋಟುಪುಸ್ತಕ ಸಾಕು. ಆಡಲಾರದ ನನ್ನಂತಹವರಿಗೆ ಬೇಲಿಯಾಚೆ ನಿಂತು ಕೂಗುವುದಕ್ಕಿಂತ ಯೋಗ್ಯವಾದ ಕೆಲಸವೂ ದೊರೆತಂತಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳು ದಾಖಲೆಯ ಬೆಲೆಯನ್ನು ಬಲ್ಲರು, ಅರ್ಥಶಾಸ್ತ್ರದವರು ಅಂಕಿಗಳ ಮೋಸವನ್ನು ಬಲ್ಲರು. ಇಬ್ಬರೂ ಕೂಡಿದರೆ ಪುಸ್ತಕ ಚೆನ್ನಾಗಿಯೇ ನಡೆದೀತು. ಕ್ರೀಡಾ ವಿಭಾಗದ ಗುರುಗಳು ಇದನ್ನು ಪರಿಶೀಲಿಸಬೇಕೆಂದು ವಿನಂತಿ. ಮುಂದಿನ ವರ್ಷದ ಸಂಚಿಕೆಯಲ್ಲಿ ‘ಮತ್ತಿತರರು’ ಎಂಬ ಶಬ್ದಕ್ಕೆ ಬದಲಾಗಿ ಆ ಇತರರ ಹೆಸರುಗಳೇ ಅಚ್ಚಾಗಲಿ.