‘ಸುಲೋಚನ’ ಕ್ಯಾಸೆಟ್ಟಿಗೇಕೆ ಬರಲಿಲ್ಲ?



ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರಲ್ಲಿ. ಅದರ ವಿಡಿಯೋ ಕ್ಯಾಸೆಟ್ಟಾಗಲಿ ಡಿವಿಡಿಯಾಗಲಿ ಎಂದೂ ಬರಲಿಲ್ಲ. ನಕಲು ತೆಗೆಯಲು ಒಂದು ಪ್ರಿಂಟೂ ಉಳಿದಿಲ್ಲ! ಅಂದಿನ ನೈಟ್ರೇಟ್ ಫಿಲಂ ಬೇಗ ಹೊತ್ತಿಕೊಳ್ಳುತ್ತಿತ್ತು, ಇಟ್ಟಲ್ಲೇ ಹಾಳಾಗುತ್ತಿತ್ತು. ಓಡಿ ಮುಗಿದ ಚಿತ್ರಗಳ ರೀಲು ಕರಗಿಸಿ ಬೆಳ್ಳಿ ತೆಗೆಯುವವರೂ ಇದ್ದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ 30 ವರ್ಷ ಕಳೆದಿತ್ತು.

ರೀಲು ಉಳಿದ ಕೆಲವು ಚಿತ್ರಗಳಿಗೂ ಬೇರೆ ತೊಡಕು. ನಿರ್ಮಾಪಕರು ತೀರಿಕೊಂಡ ಮೇಲೆ ಹಕ್ಕು ಯಾರದೆಂದು ತಿಳಿಯದು. ತಿಳಿದರೂ ಹಾಕಿದ ಹಣ ಹುಟ್ಟೀತೇ ಎಂಬ ಅಳುಕು.

ರಜೆಗೆ ಊರಿಗೆ ಹೋದಾಗ ಅಜ್ಜಿಯ ಟ್ರಂಕು ತೆರೆದು ನೋಡಿ. ಹಳೆಯ ಚಿತ್ರದ ಹಾಡಿನ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಆ ಚಿತ್ರದ್ದೆಂದು ಉಳಿದಿರುವುದು ಅದೊಂದೇ ಇರಬಹುದು.