ಮುಖದ ಜಿಡ್ಡು ನಮ್ಮ ಶತ್ರುವೆ?

ಬೇಸಗೆಯ ದಿನಗಳಲ್ಲಿ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಪ್ರಯಾಣ ಮಾಡಿದವರೆಲ್ಲ ಒಂದು ನೋಟವನ್ನು ಕಂಡಿರಬೇಕು. ಕಾಲೇಜಿಗೆ ಹೊರಟ ತರುಣ ತರುಣಿಯರು ಗಳಿಗೆಗೊಮ್ಮೆ ಕರವಸ್ತ್ರದಿಂದ ಹಣೆ ಮೂಗುಗಳನ್ನು ಒರೆಸಿಕೊಳ್ಳುತ್ತಾರೆ. ಇಳಿಯುವ ಮುನ್ನ ಮೊಬೈಲಿನ ಗಾಜಿನಲ್ಲಿ ಮುಖ ನೋಡಿಕೊಂಡು ನಿಟ್ಟುಸಿರು ಬಿಡುತ್ತಾರೆ. ಮುಖ ಮಿರುಗುವುದು, ಬಳಿದ ಪೌಡರು ಕರಗಿ ಗೆರೆಗೆರೆಯಾಗುವುದು, ಕೆನ್ನೆಯ ಮೇಲೆ ಮೊಡವೆಗಳೇಳುವುದು, ಇವು ಹಿರಿಯರಿಗೆ ಅಲ್ಪ ವಿಷಯವಾಗಿ ತೋರಬಹುದು. ಹದಿನಾರರ ವಯಸ್ಸಿನವರಿಗೆ ಅದು ಅಲ್ಪವಲ್ಲ. ಈ ಸಂಕೋಚವನ್ನೇ ಬಂಡವಾಳ ಮಾಡಿಕೊಂಡು ಬೆಳೆದ ವ್ಯಾಪಾರವೊಂದು ಇರುವುದರಿಂದ, ವಿಷಯವನ್ನು ವಿಜ್ಞಾನದ ಬೆಳಕಿನಲ್ಲಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಈ ಜಿಡ್ಡು ಎಲ್ಲಿಂದ ಬರುತ್ತದೆಂಬುದನ್ನು ತಿಳಿಯೋಣ. ನಮ್ಮ ಚರ್ಮದಲ್ಲಿ ರೋಮಕೂಪಗಳಿಗೆ ಅಂಟಿಕೊಂಡು ಸಣ್ಣ ಸಣ್ಣ ಜಿಡ್ಡು ಗ್ರಂಥಿಗಳಿವೆ. ಅಂಗೈ ಅಂಗಾಲುಗಳಲ್ಲಿ ಇವು ಇಲ್ಲವೇ ಇಲ್ಲ. ಮುಖ ಮತ್ತು ನೆತ್ತಿಯ ಮೇಲೆ ಒಂದು ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ಇರುತ್ತವೆ. ಹಣೆ, ಮೂಗು, ಗಲ್ಲಗಳೇ ಹೆಚ್ಚು ಮಿರುಗುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಾಯಿಯ ಗರ್ಭದಲ್ಲಿರುವಾಗಲೇ ಈ ಗ್ರಂಥಿಗಳು ಕೆಲಸ ಮಾಡುತ್ತವೆ. ಹಸುಗೂಸಿನ ಮೈಮೇಲೆ ಕಾಣುವ ಬೆಣ್ಣೆಯಂಥ ಲೇಪದಲ್ಲಿ ಅವುಗಳ ಪಾಲೂ ಉಂಟು. ಬಾಲ್ಯದಲ್ಲಿ ಅವು ನಿದ್ರಿಸುತ್ತವೆ. ಪ್ರಾಯ ಬರುತ್ತಲೇ ಆಂಡ್ರೊಜನ್ ಎಂಬ ಹಾರ್ಮೋನುಗಳು ರಕ್ತದಲ್ಲಿ ಹೆಚ್ಚಿ ಅವನ್ನು ಎಚ್ಚರಿಸುತ್ತವೆ. ಈ ಹಾರ್ಮೋನುಗಳು ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಕಡಿಮೆ; ಆದರೆ ಇಬ್ಬರಲ್ಲಿಯೂ ಇವೆ. ಆದುದರಿಂದ ಜಿಡ್ಡು ಮುಖವೆಂಬುದು ರೋಗವಲ್ಲ, ಕೊಳಕೂ ಅಲ್ಲ. ದೇಹ ಬೆಳೆಯುತ್ತಿದೆಯೆಂಬುದರ ಒಂದು ಗುರುತು. ಕೊಬ್ಬಿನ ಅಂಶ, ಮೇಣ, ಸ್ಕ್ವಾಲೀನ್ ಎಂಬ ತೈಲ, ಇವೆಲ್ಲ ಕೂಡಿದ ಆ ಜಿಡ್ಡು ಚರ್ಮದ ಮೇಲೆ ತೆಳುವಾದ ಹೊದಿಕೆಯಾಗಿ ನಿಲ್ಲುತ್ತದೆ.

ಹಾಗಿದ್ದರೆ ಮೊಡವೆ ಏಕೆ ಬರುತ್ತದೆ? ನಮ್ಮ ಕಡೆ ಅದಕ್ಕೆ 'ಮೈಯ ಉಷ್ಣ' ಎಂದು ಹೇಳುವುದು ವಾಡಿಕೆ. ನಿಜವಾಗಿ ನಡೆಯುವುದು ಬೇರೆ. ರೋಮಕೂಪದ ಬಾಯಿಯಲ್ಲಿ ಸತ್ತ ಚರ್ಮಕಣಗಳು ಉದುರಿ ಹೋಗದೆ ಅಂಟಿಕೊಂಡು ಬಿರಡೆಯಾಗುತ್ತವೆ. ಹೊರಬರಲಾರದ ಜಿಡ್ಡು ಒಳಗೇ ಸೇರಿಕೊಳ್ಳುತ್ತದೆ. ಅದನ್ನು ತಿಂದು ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯ ಅಲ್ಲಿ ವೃದ್ಧಿಯಾಗುತ್ತದೆ. ದೇಹ ಅದರೊಡನೆ ಸೆಣಸುವಾಗ ಕೆಂಪು, ಊತ, ಕೀವು ಕಾಣಿಸುತ್ತವೆ. ಮೂಗಿನ ಮೇಲಿನ ಕರಿಚುಕ್ಕೆಗಳನ್ನು ಧೂಳೆಂದು ತಿಳಿದು ಉಜ್ಜುವವರುಂಟು. ಆ ಕಪ್ಪು ಧೂಳಿನದಲ್ಲ. ಬಿರಡೆಯ ತುದಿಯಲ್ಲಿರುವ ಚರ್ಮದ ವರ್ಣದ್ರವ್ಯ ಮತ್ತು ಗಾಳಿ ತಾಗಿ ಬದಲಾದ ಜಿಡ್ಡಿನದು. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಇಲ್ಲಿ ಒಂದು ಸರಳ ತರ್ಕವನ್ನು ಓದುಗರು ಗಮನಿಸಬೇಕು. ಜಿಡ್ಡಿನ ಕಾರ್ಖಾನೆ ಇರುವುದು ಚರ್ಮದ ಒಳಗೆ. ಅದಕ್ಕೆ ಅಪ್ಪಣೆ ಬರುವುದು ರಕ್ತದ ಮೂಲಕ. ಸೋಪು ತೊಳೆಯುವುದು ಹೊರಗೆ ಬಂದ ಸರಕನ್ನು ಮಾತ್ರ. ದಿನಕ್ಕೆ ಐದಾರು ಬಾರಿ ಮುಖ ತೊಳೆದರೆ ಕಾರ್ಖಾನೆ ನಿಲ್ಲುವುದಿಲ್ಲ. ಅದರ ಬಾಗಿಲು ಮಾತ್ರ ಸವೆಯುತ್ತದೆ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿ.ಎಚ್. ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಪದೇ ಪದೇ ತೊಳೆದಾಗ ಚರ್ಮ ಒಣಗಿ, ಉರಿದು, ಮೊಡವೆಗಳು ಇನ್ನಷ್ಟು ಕೆರಳುತ್ತವೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಹೆಚ್ಚು ಬೆವರಿದಾಗ ಇನ್ನೊಮ್ಮೆ ತೊಳೆದರೆ ಸಾಕು.

ಮನೆಮದ್ದಿನ ಮಾತಿಗೆ ಬರೋಣ. ಚಾಮರಾಜನಗರ ಗುಂಡ್ಲುಪೇಟೆಗಳು ಅರಿಸಿನದ ಸೀಮೆ. ಹೊಲದಲ್ಲಿ ಬೆಳೆದು, ಮನೆಯಂಗಳದಲ್ಲಿ ಬೆಂದು ಒಣಗುವ ಅರಿಸಿನವನ್ನು ಮುಖಕ್ಕೆ ಹಚ್ಚದೆ ಬೆಳೆದ ಹೆಣ್ಣುಮಕ್ಕಳು ಇಲ್ಲಿ ಅಪರೂಪ. ಅದರಲ್ಲಿರುವ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸಬಲ್ಲುದೆಂದು ಪ್ರಯೋಗಶಾಲೆಗಳಲ್ಲಿ ಕಂಡಿದೆ. ಆದರೆ ಅರಿಸಿನ ಜಿಡ್ಡನ್ನು ಕರಗಿಸುವುದಿಲ್ಲ, ಗ್ರಂಥಿಯನ್ನು ತಡೆಯುವುದಿಲ್ಲ. ಕೆಲವರ ಚರ್ಮಕ್ಕೆ ಅದು ಒಗ್ಗುವುದೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಂಗ್ರಹಿಸುವ ಸೀಗೆಕಾಯಿ ಅಂಟುವಾಳಗಳಲ್ಲಿ ಸ್ಯಾಪೊನಿನ್ ಎಂಬ ನೊರೆಗೊಡುವ ವಸ್ತುವಿದೆ. ತಲೆಯ ಎಣ್ಣೆ ತೆಗೆಯಲು ಅವು ಉತ್ತಮ; ಮುಖದ ಮೃದು ಚರ್ಮಕ್ಕೆ, ಕಣ್ಣಿನ ಹತ್ತಿರಕ್ಕೆ, ತಕ್ಕವಲ್ಲ. ಕಡಲೆಹಿಟ್ಟು ಜಿಡ್ಡನ್ನು ಹೀರುತ್ತದೆ, ಒರಟಾಗಿ ಉಜ್ಜದಿದ್ದರೆ ಹಾನಿಯಿಲ್ಲ. ನಿಂಬೆರಸವನ್ನಂತೂ ಮುಖಕ್ಕೆ ಹಚ್ಚಲೇಬಾರದು. ಅದು ತೀಕ್ಷ್ಣ ಆಮ್ಲ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಬೀಳುವುದುಂಟು. ನಮ್ಮ ನೆಲದ ವಸ್ತುವೆಂಬ ಅಭಿಮಾನ ಒಳ್ಳೆಯದೇ. ಅದರಿಂದ ಆಗದ ಕೆಲಸವನ್ನು ಅದರಿಂದ ನಿರೀಕ್ಷಿಸುವುದು ಅಭಿಮಾನವಲ್ಲ.

ಇನ್ನು ಅಲಂಕಾರ. ವಿದ್ಯಾರ್ಥಿಗಳಿಗೆ ಅಲಂಕಾರವೇ ಸಲ್ಲದೆಂದು ಉಪದೇಶಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಮದುವೆಗೋ ಕಾಲೇಜಿನ ನಾಟಕಕ್ಕೋ ಬಣ್ಣ ಹಚ್ಚಿಕೊಳ್ಳಬೇಕೆನ್ನುವುದು ಸಹಜವಾದ ಆಸೆ. ತಿಳಿದು ಹಚ್ಚಿಕೊಳ್ಳಬೇಕು, ಅಷ್ಟೆ. ಮುಖದ ಪೌಡರಿನಲ್ಲಿರುವ ಟಾಲ್ಕ್, ಜೇಡಿ, ಸಿಲಿಕ ಮುಂತಾದ ನುಣುಪು ಪುಡಿಗಳು ಜಿಡ್ಡನ್ನು ಹೀರಿ ಮಿರುಗನ್ನು ಕಡಮೆ ಮಾಡುತ್ತವೆ. ಜಿಡ್ಡಿನ ಮೇಲೆ ಮತ್ತೆ ಮತ್ತೆ ಬಳಿದರೆ ಅದು ಮುದ್ದೆಗಟ್ಟುತ್ತದೆ. ಮೊದಲು ತೆಳುವಾದ ಕಾಗದದಿಂದ ಒತ್ತಿ ಜಿಡ್ಡನ್ನು ತೆಗೆದು, ಆಮೇಲೆ ಸ್ವಲ್ಪವೇ ಹಚ್ಚಬೇಕು. ಎಣ್ಣೆಯ ಲೇಪಗಳಿಗಿಂತ ನೀರಿನ ಆಧಾರದ ಲೇಪಗಳು ಇಂಥ ಮುಖಕ್ಕೆ ಮೇಲು. ರಾತ್ರಿ ಮಲಗುವ ಮುನ್ನ ಬಣ್ಣ ತೆಗೆಯಲೇಬೇಕು. ನಾಟಕ ಕಂಪನಿಯ ನಟರು ಬಣ್ಣವನ್ನು ಕೊಬ್ಬರಿ ಎಣ್ಣೆಯಿಂದ ತೆಗೆಯುತ್ತಿದ್ದುದರಲ್ಲಿ ರಸಾಯನಶಾಸ್ತ್ರವಿದೆ. ಎಣ್ಣೆಯನ್ನು ಎಣ್ಣೆಯೇ ಕರಗಿಸುತ್ತದೆ. ಆದರೆ ಕೊಬ್ಬರಿ ಎಣ್ಣೆ ಮುಖದ ಮೇಲೆ ಉಳಿದರೆ ಮೊಡವೆಗೆ ಎಡೆಯಾಗಬಹುದು. ಆದುದರಿಂದ ಮೃದುವಾದ ಸೋಪಿನಿಂದ ಅದನ್ನು ತೊಳೆದುಬಿಡಬೇಕು.

ಈ ಲೇಖನದ ಮುಖ್ಯ ಕಾಳಜಿ ಇವಾವುದೂ ಅಲ್ಲ. ಅಂಗಡಿಯಲ್ಲಿ ಕೈಬೆರಳಿನಷ್ಟುದ್ದದ ಒಂದು ಟ್ಯೂಬನ್ನು ಗೆಳೆಯರ ಮಾತು ಕೇಳಿ ಕೊಳ್ಳುವ ಅಭ್ಯಾಸವೊಂದಿದೆ. ಹಚ್ಚಿದ ವಾರದೊಳಗೆ ಮೊಡವೆ ಇಳಿಯುತ್ತದೆ, ಮುಖ ತಿಳಿಯಾಗುತ್ತದೆ, ಮನಸ್ಸು ಹಿಗ್ಗುತ್ತದೆ. ಆ ಟ್ಯೂಬಿನಲ್ಲಿ ಅನೇಕ ವೇಳೆ ಇರುವುದು ಸ್ಟೀರಾಯ್ಡ್. ಹೈಡ್ರೊಕಾರ್ಟಿಸೋನ್ ಲೇಪ ಚರ್ಮರೋಗಗಳ ಚಿಕಿತ್ಸೆಗೆ ಬಂದದ್ದು 1952ರಲ್ಲಿ. ಯೋಗ್ಯ ರೋಗಕ್ಕೆ ಯೋಗ್ಯ ಕಾಲ ಹಚ್ಚಿದರೆ ಅದು ವರದಾನವೇ ಸರಿ. ಆದರೆ ಅದಕ್ಕಿಂತ ಎಷ್ಟೋ ಪ್ರಬಲವಾದ ಸ್ಟೀರಾಯ್ಡುಗಳನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ. ಬಿಸಿಲು ಸೋಕಿದರೆ ಉರಿಯುತ್ತದೆ. ಬಿಟ್ಟೊಡನೆ ಮೊಡವೆಗಳು ಮೊದಲಿಗಿಂತ ಹೆಚ್ಚಾಗಿ ಏಳುತ್ತವೆ. ಹೀಗೆ ಕೆಟ್ಟ ಮುಖಗಳನ್ನು ನಮ್ಮ ದೇಶದ ಚರ್ಮವೈದ್ಯರು ಎಷ್ಟು ಕಂಡರೆಂದರೆ, ಆ ಸ್ಥಿತಿಗೆ ಒಂದು ಪ್ರತ್ಯೇಕ ಹೆಸರನ್ನೇ ಕೊಡಬೇಕಾಯಿತು. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮವನ್ನು ಬಿಗಿಗೊಳಿಸಿತು. ನಿಯಮವಿದ್ದರೆ ಸಾಲದು, ಕೊಳ್ಳುವವನು ಚೀಟಿ ತರಬೇಕು, ಮಾರುವವನು ಚೀಟಿ ಕೇಳಬೇಕು.

ಬಿಳುಪಿನ ಆಸೆ ಇನ್ನೂ ಅಪಾಯಕರ. ಕೆಲವು ಲೇಪಗಳಲ್ಲಿ ಪಾದರಸವಿರುತ್ತದೆ. ಅದು ಚರ್ಮದ ವರ್ಣದ್ರವ್ಯ ಹುಟ್ಟುವುದನ್ನು ತಡೆಯುತ್ತದೆ, ಜೊತೆಗೆ ಒಳಗೆ ಹೀರಲ್ಪಟ್ಟು ಮೂತ್ರಪಿಂಡವನ್ನು ಕೆಡಿಸುತ್ತದೆ. ಗುಂಡ್ಲುಪೇಟೆಯ ರಸ್ತೆ ಬಂಡೀಪುರದ ಕಾಡನ್ನು ದಾಟಿ ವಯನಾಡಿಗೆ ಸೇರುತ್ತದಷ್ಟೆ? ಅದರಾಚೆಗಿನ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ಒಂದು ಅಪರೂಪದ ಕಾಯಿಲೆ ಕಂಡಾಗ ವೈದ್ಯರು ವಿಚಾರಿಸಿದರು. ರೋಗಿಗಳಲ್ಲಿ ಹಲವರು ಬಿಳುಪಿನ ಲೇಪಗಳನ್ನು ಹಚ್ಚುತ್ತಿದ್ದರೆಂದು ತಿಳಿಯಿತು. ಕಪ್ಪು ಮೈಬಣ್ಣ ಬಿಸಿಲಿನ ನಾಡಿನಲ್ಲಿ ಪ್ರಕೃತಿ ಕೊಟ್ಟ ಕೊಡೆ. ಆ ಕೊಡೆಯನ್ನು ಹರಿದುಕೊಳ್ಳಲು ಹಣ ಕೊಟ್ಟು ವಿಷವನ್ನು ಕೊಳ್ಳುವುದು ಯಾವ ಜಾಣತನ?

ಹಾಗಾದರೆ ಮಾಡತಕ್ಕದ್ದೇನು? ಮುಖವನ್ನು ಮೃದುವಾಗಿ ತೊಳೆಯುವುದು, ಬಿಸಿಲಿಗೆ ಹೋಗುವಾಗ ರಕ್ಷಣೆ, ಮೊಡವೆಗಳನ್ನು ಚಿವುಟದಿರುವುದು, ಲೇಪದ ಹೆಸರನ್ನಲ್ಲ, ಅದರೊಳಗಿನ ವಸ್ತುಗಳ ಪಟ್ಟಿಯನ್ನು ಓದುವುದು. ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗುವುದರಿಂದ ಕೂಪದೊಳಗಿಳಿದು ಬಿರಡೆಯನ್ನು ಸಡಿಲಿಸುತ್ತದೆ. ಬೆನ್ಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಎರಡಕ್ಕೂ ವಾರಗಳ ತಾಳ್ಮೆ ಬೇಕು. ನೋಯುವ, ಗಂಟುಗಟ್ಟುವ, ಕುಳಿ ಬೀಳಿಸುವ ಮೊಡವೆಗಳಿಗೆ ವೈದ್ಯರೇ ಗತಿ. ತಡಮಾಡಿದರೆ ಕಲೆ ಶಾಶ್ವತವಾದೀತು. ಸ್ಟೀರಾಯ್ಡ್ ಲೇಪಕ್ಕೆ ಸಿಕ್ಕಿಕೊಂಡವರೂ ನಾಚದೆ ವೈದ್ಯರಲ್ಲಿಗೆ ಹೋಗಬೇಕು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇರುವಾಗ ಅಂಗಡಿಯವನನ್ನು ವೈದ್ಯನನ್ನಾಗಿ ಮಾಡಿಕೊಳ್ಳುವ ಅಗತ್ಯವಿಲ್ಲ.

ಹಿರಿಯರಲ್ಲಿಯೂ ನಮ್ಮದೊಂದು ಬಿನ್ನಹ. ಮನೆಗೆ ಬಂದ ನೆಂಟರ ಮುಂದೆ ಮಕ್ಕಳ ಮೊಡವೆಯನ್ನೂ ಮೈಬಣ್ಣವನ್ನೂ ಎತ್ತಿ ಆಡಬೇಡಿ. ಆ ಒಂದು ಮಾತಿನ ನೋವೇ ಎಷ್ಟೋ ಮಕ್ಕಳನ್ನು ಆ ಟ್ಯೂಬಿನ ಬಳಿಗೆ ಕಳಿಸುತ್ತದೆ. ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ಇಂದು ನಿಮ್ಮ ಹಣೆಯ ಮೇಲೆ ಮಿರುಗುವ ಜಿಡ್ಡು ವಯಸ್ಸಾದಂತೆ ತಾನಾಗಿಯೇ ತಗ್ಗುತ್ತದೆ. ಅದು ತಗ್ಗುವ ವೇಳೆಗೆ ಅದರ ಕೆಳಗಿನ ಚರ್ಮ ಆರೋಗ್ಯವಾಗಿ ಉಳಿದಿರಬೇಕು. ಅದು ನಿಮ್ಮ ಕೈಯಲ್ಲಿದೆ.